ಮತದಾರರ ಪಟ್ಟಿಗೊಬ್ಬ ನೀರಗಂಟಿ

ಮತದಾನದ ದಿನ. ಶಾಲೆಯ ಜಗಲಿಯ ಉದ್ದಕ್ಕೂ ಸಾಲು ನಿಂತಿದೆ. ಒಬ್ಬರು ಗುರುತಿನ ಚೀಟಿ ಹಿಡಿದು ಒಳಗೆ ಹೋಗುತ್ತಾರೆ. ಮತಗಟ್ಟೆ ಸಿಬ್ಬಂದಿಯ ಬೆರಳು ಪಟ್ಟಿಯ ಮೇಲೆ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಓಡುತ್ತದೆ. ಕೊನೆಗೆ ತಲೆ ಎತ್ತಿ, "ನಿಮ್ಮ ಹೆಸರು ಇದರಲ್ಲಿ ಇಲ್ವಲ್ಲ" ಅನ್ನುತ್ತಾರೆ. ಈ ಮಾತನ್ನು ನಾವು ಕೇಳಿಸಿಕೊಳ್ಳದಿದ್ದರೂ ನಮ್ಮ ಬೀದಿಯವರು ಯಾರಾದರೂ ಕೇಳಿಸಿಕೊಂಡೇ ಇರುತ್ತಾರೆ. ಆ ಹೊತ್ತಿನಲ್ಲಿ ಮತಯಂತ್ರ ಸರಿಯಾಗಿಯೇ ಇರುತ್ತದೆ. ಮೈಸೂರಿನಿಂದ ಬಂದ ಶಾಯಿ ಬಾಟಲಿ ಮೇಜಿನ ಮೇಲಿರುತ್ತದೆ. ಬಾಗಿಲಲ್ಲಿ ಪೊಲೀಸರು ಇರುತ್ತಾರೆ. ಆದರೂ ಒಂದು ಮತ ಕೈತಪ್ಪಿ ಹೋಗುತ್ತದೆ.

ಚುನಾವಣೆಯ ಸೈಬರ್ ಭದ್ರತೆ ಅಂದೊಡನೆ ಹೆಚ್ಚಿನವರ ಮನಸ್ಸು ಮತಯಂತ್ರದ ಕಡೆ ಹೋಗುತ್ತದೆ. ಈ ವಿಷಯವನ್ನು ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು, ಪಟ್ಟಿಯಿಂದ ಶುರುಮಾಡಿ ಎಂದು. ಇದನ್ನು ಕಲಿಯಲು ಅಮೆರಿಕದ ಇಲಿನಾಯ್ ರಾಜ್ಯ ಒಳ್ಳೆಯ ಪಾಠಶಾಲೆ. 2016ರಲ್ಲಿ ಆ ರಾಜ್ಯದ ಮತದಾರರ ಪಟ್ಟಿಗೆ ಹೊರಗಿನವರು ನುಗ್ಗಿದರು. 2018ರಲ್ಲಿ ಫೆಡರಲ್ ಸರ್ಕಾರದ ಹಣ ಬಂತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಕೇಂದ್ರದ ಹಣ. ಆ ಹಣದಿಂದ ಏನು ಮಾಡಬೇಕೆಂದು ರಾಜ್ಯ ಕುಳಿತು ಯೋಜನೆ ಹಾಕಿತು. ಶಿಕಾಗೊ ಸುತ್ತಮುತ್ತ ನೆಲೆಸಿ, ಆ ದೇಶದ ಪೌರತ್ವ ಪಡೆದು ಮತ ಹಾಕುವ ಕನ್ನಡಿಗರ ಹೆಸರುಗಳೂ ಆ ಪಟ್ಟಿಯಲ್ಲಿವೆ. ಒಂದೊಂದೇ ಮೆಟ್ಟಿಲು ಹತ್ತುತ್ತ ನೋಡೋಣ.

ಅಲ್ಲಿ ಚುನಾವಣೆ ನಡೆಸುವವರು ಯಾರು?

ನಮ್ಮಲ್ಲಿ ಸಂವಿಧಾನದ 324ನೇ ವಿಧಿಯ ಪ್ರಕಾರ ಲೋಕಸಭೆ, ವಿಧಾನಸಭೆ ಚುನಾವಣೆಗಳೆಲ್ಲ ಒಂದೇ ಆಯೋಗದ ಕೈಯಲ್ಲಿವೆ. ಬೀದರಿನಲ್ಲಿ ಬಳಸುವ ಮತಯಂತ್ರವೂ ಚಾಮರಾಜನಗರದಲ್ಲಿ ಬಳಸುವ ಮತಯಂತ್ರವೂ ಒಂದೇ ಬಗೆಯವು. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿನ ಸಂವಿಧಾನ ಚುನಾವಣೆ ನಡೆಸುವ ಹೊಣೆಯನ್ನು ಮೊದಲು ರಾಜ್ಯಗಳಿಗೆ ಕೊಟ್ಟಿದೆ. ರಾಜ್ಯಗಳು ಅದನ್ನು ಬಹುಮಟ್ಟಿಗೆ ಕೌಂಟಿಗಳಿಗೆ, ಅಂದರೆ ಜಿಲ್ಲೆಯಂಥ ಘಟಕಗಳಿಗೆ ಒಪ್ಪಿಸಿವೆ. ಹೀಗೆ ಹಂಚಿಹೋಗಿ, ದೇಶದಲ್ಲಿ ಚುನಾವಣೆ ನಡೆಸುವ ಸ್ಥಳೀಯ ಘಟಕಗಳ ಸಂಖ್ಯೆ 10,000 ದಾಟುತ್ತದೆ.

ಇಲಿನಾಯ್ ಒಂದರಲ್ಲೇ ಇಂಥ 108 ಕಚೇರಿಗಳಿವೆ. 102 ಕೌಂಟಿಗಳಿಗೆ ಒಂದೊಂದು, ಜೊತೆಗೆ ಶಿಕಾಗೊ ಸೇರಿ ಆರು ನಗರಗಳಿಗೆ ತಮ್ಮದೇ ಚುನಾವಣಾ ಮಂಡಳಿ. ಇವುಗಳ ಮೇಲೆ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರಾಜ್ಯ ಚುನಾವಣಾ ಮಂಡಳಿ ಇದೆ. ಅದರಲ್ಲಿ ಎರಡು ಪಕ್ಷಗಳಿಂದ ನಾಲ್ಕು ನಾಲ್ಕು ಜನರಂತೆ ಎಂಟು ಸದಸ್ಯರು. ರಾಜ್ಯ ಮಂಡಳಿ ನಿಯಮ ಮಾಡುತ್ತದೆ, ಫಲಿತಾಂಶಕ್ಕೆ ಮುದ್ರೆ ಒತ್ತುತ್ತದೆ. ಆದರೆ ಮತಪತ್ರ ಅಚ್ಚುಹಾಕಿಸುವುದು, ಮತಗಟ್ಟೆ ತೆರೆಯುವುದು, ಎಣಿಸುವುದು ಎಲ್ಲವೂ ಸ್ಥಳೀಯ ಕಚೇರಿಯ ಕೆಲಸ.

ಈ ಕಚೇರಿಗಳು ಒಂದೇ ಅಳತೆಯವಲ್ಲ. ಶಿಕಾಗೊ ಇರುವ ಕುಕ್ ಕೌಂಟಿಯ ಜನಸಂಖ್ಯೆ 50 ಲಕ್ಷ ಮೀರುತ್ತದೆ. ಒಹಾಯೊ ನದಿಯ ದಂಡೆಯಲ್ಲಿರುವ ಹಾರ್ಡಿನ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ ಇರುವವರು ಸುಮಾರು 3,600 ಜನ. ಅಂಥ ಕಡೆ ಕೌಂಟಿ ಕ್ಲರ್ಕ್ ಎಂಬ ಅಧಿಕಾರಿ ಮದುವೆಯ ಪರವಾನಗಿ ಕೊಡಬೇಕು, ಜನನ ಮರಣದ ದಾಖಲೆ ಇಡಬೇಕು, ಚುನಾವಣೆಯನ್ನೂ ನಡೆಸಬೇಕು. ಕಂಪ್ಯೂಟರ್ ಭದ್ರತೆಗೆಂದೇ ಒಬ್ಬ ತಜ್ಞರನ್ನು ಇಟ್ಟುಕೊಳ್ಳುವಷ್ಟು ದೊಡ್ಡ ಕಚೇರಿ ಅದಲ್ಲ. ಇದನ್ನು ನೆನಪಿಡಿ. ಮುಂದೆ ಹಣ ಹಂಚುವ ಮಾತು ಬಂದಾಗ ಬೇಕಾಗುತ್ತದೆ.

2016ರ ಜುಲೈನಲ್ಲಿ ನಡೆದದ್ದು

2016ರ ಜುಲೈ 12ರಂದು ಇಲಿನಾಯ್ ಚುನಾವಣಾ ಮಂಡಳಿಯ ತಾಂತ್ರಿಕ ಸಿಬ್ಬಂದಿಗೆ ಒಂದು ವಿಚಿತ್ರ ಕಂಡಿತು. ಮತದಾರರ ಪಟ್ಟಿ ಇರುವ ಸರ್ವರ್ ತನ್ನ ಪೂರ್ತಿ ಶಕ್ತಿ ಹಾಕಿ ಏದುಸಿರು ಬಿಡುತ್ತಿತ್ತು. ಅಷ್ಟು ಕೆಲಸ ಅದಕ್ಕೆ ಯಾರೂ ಕೊಟ್ಟಿರಲಿಲ್ಲ. ದಾಖಲೆ ತೆಗೆದು ನೋಡಿದಾಗ ಕಾರಣ ತಿಳಿಯಿತು. ಜನ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ತಮ್ಮ ಅರ್ಜಿ ಎಲ್ಲಿಗೆ ಬಂತೆಂದು ನೋಡುವ ಒಂದು ಪುಟವಿತ್ತು. ಆ ಪುಟದ ಮೂಲಕ ಯಾರೋ ಬಿಡುವಿಲ್ಲದೆ ಪಟ್ಟಿಯನ್ನು ಕೆದಕುತ್ತಿದ್ದರು. ಹಿಂದಕ್ಕೆ ಹೋಗಿ ಹುಡುಕಿದರೆ ಅದು ಜೂನ್ 23ರಿಂದಲೇ ನಡೆದಿತ್ತು. ಜುಲೈ 13ರಂದು ಮಂಡಳಿ ಆ ಜಾಲತಾಣವನ್ನೂ ಪಟ್ಟಿಯನ್ನೂ ಇಂಟರ್‌ನೆಟ್‌ನಿಂದ ಕಳಚಿಟ್ಟಿತು. ಬಾಗಿಲು ಮುಚ್ಚಿದ ಮೇಲೂ ತಟ್ಟುವುದು ನಿಲ್ಲಲಿಲ್ಲ. ಸೆಕೆಂಡಿಗೆ ಐದು ಸಲದಂತೆ, ಹಗಲೂ ರಾತ್ರಿ, ಆಗಸ್ಟ್ 12ರವರೆಗೆ ತಟ್ಟುತ್ತಲೇ ಇದ್ದರು.

ಒಳಗೆ ಬಂದದ್ದು ಹೇಗೆ? ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಹಳೆಯ ವಿದ್ಯೆಯಿಂದ. ಹೆಸರಿಗೆ ಹೆದರಬೇಡಿ. ಒಂದು ಕಚೇರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಕಿಟಕಿಯಲ್ಲಿ ಗುಮಾಸ್ತ, ಹಿಂದೆ ಕಡತದ ಕೋಣೆ. ನೀವು ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಗುಮಾಸ್ತ ಹಿಂದಕ್ಕೆ ತಿರುಗಿ, "ಇವರ ಕಡತ ಕೊಡಪ್ಪಾ" ಎಂದು ಚೀಟಿಯಲ್ಲಿ ಇದ್ದದ್ದನ್ನು ಇದ್ದಂತೆ ಓದಿ ಹೇಳುತ್ತಾನೆ. ಒಬ್ಬ ಕಿಲಾಡಿ ಬಂದು, ಹೆಸರಿನ ಜಾಗದಲ್ಲಿ "ರಾಮಣ್ಣ, ಮತ್ತೆ ಆ ಕಪಾಟಿನಲ್ಲಿರುವ ಎಲ್ಲ ಕಡತ" ಎಂದು ಬರೆದುಕೊಟ್ಟ. ಗುಮಾಸ್ತ ಯೋಚಿಸದೆ ಅದನ್ನೂ ಓದಿದ. ಒಳಗಿನವನು ಕಪಾಟನ್ನೇ ಹೊತ್ತುತಂದ. ನಡೆದದ್ದು ಇಷ್ಟೆ. ಹೆಸರು ಬರೆಯುವ ಜಾಗದಲ್ಲಿ ಯಾರೋ ಅಪ್ಪಣೆ ಬರೆದರು, ಕಂಪ್ಯೂಟರ್ ಅದನ್ನು ಹೆಸರೆಂದು ನೋಡದೆ ಅಪ್ಪಣೆಯೆಂದೇ ಪಾಲಿಸಿತು. ಇದಕ್ಕೆ ಮದ್ದು ಗೊತ್ತಿಲ್ಲದೆ ಇರಲಿಲ್ಲ. ಆ ಜಾಗದಲ್ಲಿ ಏನೇ ಬರೆದಿದ್ದರೂ ಅದನ್ನು ಬರೀ ಹೆಸರೆಂದೇ ತಿಳಿಯುವಂತೆ ತಂತ್ರಾಂಶ ಬರೆದರೆ ಸಾಕು. 1990ರ ದಶಕದ ಕೊನೆಯಿಂದಲೇ ತಿಳಿದವರಿಗೆ ತಿಳಿದಿದ್ದ ದೋಷ ಇದು. 2016ರವರೆಗೂ ಒಂದು ಪುಟದಲ್ಲಿ ಹಾಗೆಯೇ ಉಳಿದುಬಿಟ್ಟಿತ್ತು.

ಕಳುವಾದದ್ದು ಎಷ್ಟು? ಸುಮಾರು 76,000 ಮತದಾರರ ವಿವರ ನೋಡಿರಬಹುದೆಂದು ರಾಜ್ಯ ಲೆಕ್ಕ ಹಾಕಿತು. 2018ರ ಜುಲೈ 13ರಂದು ಅಮೆರಿಕದ ನ್ಯಾಯ ಇಲಾಖೆ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯಾದ ಜಿಆರ್‌ಯುವಿನ 12 ಅಧಿಕಾರಿಗಳ ಮೇಲೆ ಆರೋಪಪಟ್ಟಿ ಹಾಕಿತು. ಅದರಲ್ಲಿ ಒಂದು ರಾಜ್ಯದ ಚುನಾವಣಾ ಮಂಡಳಿಯಿಂದ ಸುಮಾರು 5 ಲಕ್ಷ ಮತದಾರರ ಮಾಹಿತಿ ಕದ್ದರೆಂದು ಬರೆದಿತ್ತು. ಹೆಸರು, ವಿಳಾಸ, ಹುಟ್ಟಿದ ದಿನ, ಚಾಲನಾ ಪರವಾನಗಿಯ ಸಂಖ್ಯೆ ಇಂಥವು. ರಾಜ್ಯದ ಹೆಸರು ಅಲ್ಲಿರಲಿಲ್ಲ. ಮರುವರ್ಷ ಬಂದ, ರಷ್ಯಾದ ಹಸ್ತಕ್ಷೇಪದ ತನಿಖೆ ನಡೆಸಿದ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ವರದಿ ಇಲಿನಾಯ್ ಎಂದು ಹೆಸರು ಹಿಡಿದೇ ಹೇಳಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪಟ್ಟಿಯಲ್ಲಿ ಯಾವ ಹೆಸರನ್ನೂ ಅಳಿಸಿದ, ತಿದ್ದಿದ ಕುರುಹು ಸಿಗಲಿಲ್ಲ. ಮತಗಳನ್ನು ಬದಲಿಸಿದ ಪುರಾವೆಯೂ ಇಲ್ಲವೆಂದು ಅಮೆರಿಕದ ಸೆನೆಟ್‌ನ ಗುಪ್ತಚರ ಸಮಿತಿ 2019ರಲ್ಲಿ ಹೇಳಿತು. ಇಲಿನಾಯ್ ಪಟ್ಟಿಯ ರಚನೆಯೂ ಒಂದು ರಕ್ಷಣೆಯಾಗಿತ್ತು. ಅಲ್ಲಿ ಮೂಲ ಪಟ್ಟಿ 108 ಸ್ಥಳೀಯ ಕಚೇರಿಗಳಲ್ಲಿರುತ್ತದೆ. ರಾಜ್ಯದ ಪಟ್ಟಿ ಅವುಗಳನ್ನು ಕೂಡಿಸಿ ಮಾಡಿದ ಸಂಗ್ರಹ. ಮೇಲಿನದು ಕೆಟ್ಟರೆ ಕೆಳಗಿನದರಿಂದ ಸರಿಪಡಿಸಬಹುದು. ಹಾಗಾದರೆ ಹೆದರಿಕೆ ಏನು? ಬಂದವರು ಓದಿಕೊಂಡು ಹೋದರು. ಮುಂದೆ ಬರುವವರು ಅಲ್ಲೊಂದು ಇಲ್ಲೊಂದು ಅಕ್ಷರ, ಮನೆ ನಂಬರು ತಿದ್ದಿ ಹೋದರೆ ಮತದಾನದ ದಿನ ಸಾಲು ಬೆಳೆಯುತ್ತದೆ, ಜಗಳವಾಗುತ್ತದೆ, ಜನ ಬೇಸತ್ತು ಮನೆಗೆ ಹೋಗುತ್ತಾರೆ. ಒಂದೇ ಒಂದು ಮತ ಕದಿಯದೆಯೂ ಚುನಾವಣೆ ಕೆಡಿಸಬಹುದು.

ನಾಲ್ಕು ಬಾಗಿಲುಗಳು

ಈ ವಿಷಯದಲ್ಲಿ ಕಾಯಬೇಕಾದ ಬಾಗಿಲುಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಪಟ್ಟಿ. ಅದನ್ನು ಈಗ ನೋಡಿದೆವು.

ಎರಡನೆಯದು ಸಿಬ್ಬಂದಿಯ ಇಮೇಲ್. 2016ರ ನವೆಂಬರ್‌ನಲ್ಲಿ ಫ್ಲಾರಿಡಾ ರಾಜ್ಯದ ಹಲವು ಕೌಂಟಿಗಳ ಚುನಾವಣಾ ಸಿಬ್ಬಂದಿಗೆ 100ಕ್ಕೂ ಹೆಚ್ಚು ವಂಚನೆಯ ಇಮೇಲ್‌ಗಳು ಹೋದವೆಂದು ಅದೇ ಆರೋಪಪಟ್ಟಿ ಹೇಳುತ್ತದೆ. ಪರಿಚಯದ ಕಂಪನಿಯಿಂದ ಬಂದ ಪತ್ರದಂತೆ ಕಾಣುವುದು, ಲಗತ್ತಿಸಿದ ಕಡತ ತೆರೆದರೆ ಕಂಪ್ಯೂಟರ್ ಬೇರೆಯವರ ಕೈಗೆ ಹೋಗುವುದು. ನಮ್ಮೂರಲ್ಲಿ ಬ್ಯಾಂಕಿನಿಂದ ಬಂದಂತೆ ತೋರುವ ಎಸ್ಸೆಮ್ಮೆಸ್ ಒತ್ತಿ ಹಣ ಕಳೆದುಕೊಂಡವರಿಗೆ ಈ ಆಟ ಚೆನ್ನಾಗಿ ಗೊತ್ತು.

ಮೂರನೆಯದು ಎಣಿಸುವ ಯಂತ್ರ. ಅಮೆರಿಕದ ಬಹಳ ಕಡೆ ಮತದಾರರು ಕಾಗದದ ಮತಪತ್ರದಲ್ಲಿ ಗುರುತು ಮಾಡುತ್ತಾರೆ, ಸ್ಕ್ಯಾನರ್ ಅದನ್ನು ಓದಿ ಎಣಿಸುತ್ತದೆ. ಈ ಯಂತ್ರಗಳನ್ನು ಇಂಟರ್‌ನೆಟ್‌ನಿಂದ ದೂರ ಇಡಬೇಕೆಂಬುದು ಮೊದಲ ನಿಯಮ.

ನಾಲ್ಕನೆಯದು ಫಲಿತಾಂಶ ತೋರಿಸುವ ಜಾಲತಾಣ. 2018ರ ಮೇ 1ರಂದು ಟೆನೆಸೀ ರಾಜ್ಯದ ನಾಕ್ಸ್ ಕೌಂಟಿಯಲ್ಲಿ ಮತ ಎಣಿಕೆಯ ರಾತ್ರಿ ಈ ತಾಣ ದಾಳಿಗೆ ಸಿಕ್ಕಿ ಕುಸಿಯಿತು. ಮತಗಳಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಟಿವಿ ಮುಂದೆ ಕುಳಿತವರ ಮನಸ್ಸಿನಲ್ಲಿ ಅನುಮಾನ ಹುಟ್ಟಲು ಅಷ್ಟು ಸಾಕು. ತೋರಿಸುವ ಫಲಕ ಬೇರೆ, ಎಣಿಕೆಯ ದಾಖಲೆ ಬೇರೆ ಎಂದು ಜನರಿಗೆ ಮೊದಲೇ ತಿಳಿಸಿಡುವುದೂ ಭದ್ರತೆಯ ಭಾಗ.

ಹಣ ಬಂದ ದಾರಿ

2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಮತಗಳಿಂದ. ಅಲ್ಲಿನ ತೂತು ಹೊಡೆಯುವ ಮತಪತ್ರಗಳಲ್ಲಿ ಯಾರಿಗೆ ಮತ ಬಿದ್ದಿದೆಯೆಂದು ಬೆಳಕಿಗೆ ಹಿಡಿದು ನೋಡಬೇಕಾಯಿತು. ಆ ಗೊಂದಲದಿಂದ ಹುಟ್ಟಿದ್ದು 2002ರ 'ಹೆಲ್ಪ್ ಅಮೆರಿಕ ವೋಟ್' ಕಾಯ್ದೆ. ಅದನ್ನು ಚಿಕ್ಕದಾಗಿ 'ಹಾವಾ' ಎನ್ನುತ್ತಾರೆ. ಅದು ರಾಜ್ಯಗಳಿಗೆ 300 ಕೋಟಿ ಡಾಲರ್‌ಗೂ ಹೆಚ್ಚು ಹಣ ತಂದಿತು, ಚುನಾವಣಾ ನೆರವು ಆಯೋಗ ಎಂಬ ಸಂಸ್ಥೆ ಕಟ್ಟಿತು. ಪ್ರತಿ ರಾಜ್ಯವೂ ಮತದಾರರ ಕಂಪ್ಯೂಟರ್ ಪಟ್ಟಿ ಮಾಡಬೇಕೆಂದಿತು. ಹೆಸರು ಸಿಗದವರಿಗೂ ತಾತ್ಕಾಲಿಕ ಮತಪತ್ರ ಕೊಡಬೇಕು, ಆಮೇಲೆ ಪರಿಶೀಲಿಸಿ ಎಣಿಸಬೇಕೆಂದಿತು.

ಗಮನಿಸಿ, ಊರೂರಲ್ಲಿ ಚೂರುಚೂರಾಗಿದ್ದ ಪಟ್ಟಿಗಳನ್ನು ಒಂದು ಕಣಜಕ್ಕೆ ತುಂಬಿಸಿದ್ದು ಈ ಕಾಯ್ದೆ. ಹದಿನಾಲ್ಕು ವರ್ಷದ ಮೇಲೆ ಕಳ್ಳರ ಕಣ್ಣು ಬಿದ್ದದ್ದು ಇಂಥ ಕಣಜದ ಮೇಲೆಯೇ. 2017ರ ಜನವರಿ 6ರಂದು ಫೆಡರಲ್ ಸರ್ಕಾರ ಚುನಾವಣಾ ವ್ಯವಸ್ಥೆಯನ್ನು ವಿದ್ಯುತ್ ಜಾಲ, ಅಣೆಕಟ್ಟುಗಳ ಹಾಗೆ ದೇಶದ ಅತ್ಯಗತ್ಯ ಸೌಕರ್ಯವೆಂದು ಘೋಷಿಸಿತು. 2018ರ ಮಾರ್ಚ್ 23ರಂದು ಅದೇ ಹಾವಾ ಕಾಯ್ದೆಯಡಿ 38 ಕೋಟಿ ಡಾಲರ್ ಮಂಜೂರಾಯಿತು. ಕಣಜ ಕಟ್ಟಿಸಿದ ಕಾಯ್ದೆಯೇ ಈಗ ಬೀಗಕ್ಕೂ ಹಣ ಕೊಟ್ಟಿತು.

ಹಂಚಿದ್ದು ಹೀಗೆ. ಎಷ್ಟೇ ಸಣ್ಣ ರಾಜ್ಯವಾದರೂ ಕನಿಷ್ಠ 30 ಲಕ್ಷ ಡಾಲರ್. ಅದರ ಮೇಲೆ ಮತದಾನದ ವಯಸ್ಸಿನವರ ಸಂಖ್ಯೆಗೆ ತಕ್ಕಂತೆ ಹೆಚ್ಚು. ಇಲಿನಾಯ್‌ಗೆ ಸುಮಾರು 1.32 ಕೋಟಿ ಡಾಲರ್ ಬಂತು. ಕೇಂದ್ರದ ಹಣಕ್ಕೆ ರಾಜ್ಯ ತನ್ನ ಕೈಯಿಂದ ಶೇ 5ರಷ್ಟು ಪಾಲು ಸೇರಿಸಬೇಕಿತ್ತು. ನಮ್ಮ ರಾಜ್ಯದ ಬಜೆಟ್ ಓದುವವರಿಗೆ ಈ 'ರಾಜ್ಯದ ಪಾಲು' ಹೊಸದಲ್ಲ. ಜೊತೆಗೆ, ಏನು ಮಾಡುತ್ತೇವೆ, ಯಾವುದಕ್ಕೆ ಎಷ್ಟು ಎಂದು ಬರೆದ ಯೋಜನೆಯನ್ನು ನೆರವು ಆಯೋಗಕ್ಕೆ ಒಪ್ಪಿಸಬೇಕಿತ್ತು. ಕಾಗದದ ದಾಖಲೆಯಿಲ್ಲದ ಯಂತ್ರ ಬದಲಿಸುವುದು, ಚುನಾವಣೆಯ ನಂತರ ಮತಗಳ ತಪಾಸಣೆ, ಕಂಪ್ಯೂಟರ್ ವ್ಯವಸ್ಥೆ ಸುಧಾರಣೆ, ಸಿಬ್ಬಂದಿಗೆ ತರಬೇತಿ, ಇವು ಖರ್ಚು ಮಾಡಬಹುದಾದ ಬಾಬತ್ತುಗಳು.

ಹಣ ಮಂಜೂರಾದ ಮಾತ್ರಕ್ಕೆ ಕೆಲಸ ಆಗಿಬಿಡುವುದಿಲ್ಲ. ಆ ವರ್ಷದ ಚುನಾವಣೆ ನವೆಂಬರ್‌ನಲ್ಲಿತ್ತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ದೇಶದಲ್ಲೆಲ್ಲ ಖರ್ಚಾಗಿದ್ದದ್ದು ಆ 38 ಕೋಟಿಯಲ್ಲಿ ಶೇ 8ರಷ್ಟು ಮಾತ್ರ. ಟೆಂಡರ್ ಕರೆಯಬೇಕು, ಯಂತ್ರ ಪರೀಕ್ಷಿಸಬೇಕು, ಜನರನ್ನು ನೇಮಿಸಬೇಕು. ಮಿನ್ನೆಸೋಟ ರಾಜ್ಯದಲ್ಲಂತೂ 66 ಲಕ್ಷ ಡಾಲರ್ ಬಂದು ಕುಳಿತಿತ್ತು. ಶಾಸನಸಭೆಯ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ. ಒಪ್ಪಿಗೆಯ ಸಾಲುಗಳು ಬೇರೆ ಹತ್ತಾರು ವಿಷಯ ತುಂಬಿದ ದೊಡ್ಡ ಮಸೂದೆಯೊಳಗೆ ಸೇರಿ, ಆ ಮಸೂದೆಗೆ ರಾಜ್ಯಪಾಲರ ಅಂಕಿತ ಸಿಗದೆ, 2019ರವರೆಗೂ ಹಣ ಹಾಗೇ ಉಳಿಯಿತು. ಯೋಜನೆ ಅಂದರೆ ಏನು ಕೊಳ್ಳುವುದು ಎಂಬ ಪಟ್ಟಿಯಷ್ಟೇ ಆಗಲಾರದು. ಯಾವ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೂ ಅದರೊಳಗೆ ಇರಬೇಕು.

ಹಂಚಿದರೆ ಎಷ್ಟು ಬರುತ್ತದೆ?

ಈಗ ನೀವೇ ಸ್ಪ್ರಿಂಗ್‌ಫೀಲ್ಡ್‌ನ ಅಧಿಕಾರಿಯ ಕುರ್ಚಿಯಲ್ಲಿ ಕುಳಿತುಕೊಳ್ಳಿ. ಕೈಯಲ್ಲಿ 1.32 ಕೋಟಿ ಡಾಲರ್, ಎದುರಿಗೆ 108 ಕಚೇರಿ. ಸಮನಾಗಿ ಹಂಚಿದರೆ ಒಂದೊಂದಕ್ಕೆ 1.2 ಲಕ್ಷ ಡಾಲರ್‌ನ ಆಸುಪಾಸು. ಅದರಿಂದ ಹಾರ್ಡಿನ್ ಕೌಂಟಿಯಂಥ ಕಚೇರಿ ಏನು ಮಾಡೀತು? ಒಂದಷ್ಟು ಹೊಸ ಕಂಪ್ಯೂಟರ್, ಒಂದಷ್ಟು ಸಲಕರಣೆ ಕೊಂಡೀತು. ಅವನ್ನು ನೋಡಿಕೊಳ್ಳಲು ಒಬ್ಬ ತಜ್ಞರನ್ನು ನಾಲ್ಕಾರು ವರ್ಷ ಇಟ್ಟುಕೊಳ್ಳಲು ಆಗದು. ಎರಡು ವರ್ಷ ಕಳೆದರೆ ತಂತ್ರಾಂಶ ಹಳತಾಗುತ್ತದೆ, ಪಾಸ್‌ವರ್ಡ್ ಗೋಡೆಯ ಮೇಲಿನ ಚೀಟಿಗೆ ಬರುತ್ತದೆ.

ಇಲಿನಾಯ್ ಬೇರೆ ದಾರಿ ಹಿಡಿಯಿತು. ಬಂದ ಹಣದಲ್ಲಿ ಕನಿಷ್ಠ ಅರ್ಧವನ್ನು 'ಸೈಬರ್ ನ್ಯಾವಿಗೇಟರ್' ಎಂಬ ಕಾರ್ಯಕ್ರಮಕ್ಕೇ ಕೊಡಬೇಕೆಂದು 2018ರಲ್ಲಿ ರಾಜ್ಯದ ಶಾಸನಸಭೆ ಕಾನೂನು ಮಾಡಿತು. ಬೆರಳೆಣಿಕೆಯಷ್ಟು ತಜ್ಞರನ್ನು ರಾಜ್ಯವೇ ನೇಮಿಸಿ, ರಾಜ್ಯವನ್ನು ವಲಯಗಳಾಗಿ ಹಂಚಿ, ಅವರನ್ನು ಕೌಂಟಿಯಿಂದ ಕೌಂಟಿಗೆ ಕಳಿಸಿತು. ಯಾವ ಸ್ಥಳೀಯ ಕಚೇರಿಗೆ ಈ ನಿಧಿಯಿಂದ ಅನುದಾನ ಬೇಕೋ ಅದು ಈ ಕಾರ್ಯಕ್ರಮಕ್ಕೆ ಸೇರಲೇಬೇಕೆಂಬ ಷರತ್ತನ್ನೂ ಹಾಕಿತು.

ಹಳೇ ಮೈಸೂರಿನ ಕಡೆ ಹುಟ್ಟಿದವರಿಗೆ ಈ ವ್ಯವಸ್ಥೆ ಹೇಳಿಕೊಡಲು ಒಂದು ಪದ ಸಾಕು: ನೀರಗಂಟಿ. ಕೆರೆಯ ತೂಬು ಎತ್ತುವವನು, ಇಳಿಸುವವನು, ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವವನು ಅವನು. ಏರಿಯ ಮೇಲೆ ನಡೆಯುತ್ತ ಎಲ್ಲಿ ಜಿನುಗುತ್ತಿದೆ, ಎಲ್ಲಿ ಏಡಿ ಬಿಲ ತೋಡಿದೆ ಎಂದು ನೋಡುತ್ತಿದ್ದವನೂ ಅವನೇ. ಪ್ರತಿ ರೈತನೂ ಒಬ್ಬೊಬ್ಬ ಕಾವಲುಗಾರನನ್ನು ಇಟ್ಟುಕೊಳ್ಳಲಾರ. ಊರೆಲ್ಲ ಸೇರಿ ಒಬ್ಬನನ್ನು ಇಟ್ಟುಕೊಳ್ಳಬಹುದು. ನ್ಯಾವಿಗೇಟರ್ ಎಂಬ ಇಂಗ್ಲಿಷ್ ಹೆಸರಿನ ಹಿಂದಿರುವುದು ಇದೇ ಲೆಕ್ಕ.

ಈ ನ್ಯಾವಿಗೇಟರ್ ಕೌಂಟಿ ಕಚೇರಿಗೆ ಬಂದು ಮಾಡುವುದೇನು? ಮೊದಲು ಅಲ್ಲಿನವರ ಜೊತೆ ಕುಳಿತು ಲೆಕ್ಕ ತೆಗೆಯುತ್ತಾರೆ. ಎಷ್ಟು ಕಂಪ್ಯೂಟರ್ ಇವೆ, ಯಾವುದು ಯಾವುದಕ್ಕೆ ಜೋಡಿಸಿದೆ, ಯಾರ ಬಳಿ ಯಾವ ಪಾಸ್‌ವರ್ಡ್ ಇದೆ, ಹಿಂದಿನ ವರ್ಷ ಕೆಲಸ ಬಿಟ್ಟವರ ಖಾತೆ ಇನ್ನೂ ತೆರೆದೇ ಇದೆಯೇ. ಆಮೇಲೆ ತೂತುಗಳ ಪಟ್ಟಿ ಮಾಡಿ, ಮೊದಲು ಮುಚ್ಚಬೇಕಾದ್ದು ಯಾವುದೆಂದು ಹೇಳುತ್ತಾರೆ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತೂ ಕೇಳುವ ಪದ್ಧತಿ ತರಿಸುತ್ತಾರೆ. ನಾವು ಬ್ಯಾಂಕಿನ ವ್ಯವಹಾರಕ್ಕೆ ಒಟಿಪಿ ಹಾಕುತ್ತೇವಲ್ಲ, ಅದೇ ಬಗೆ. ವಂಚನೆಯ ಇಮೇಲ್ ಗುರುತಿಸುವುದನ್ನು ಸಿಬ್ಬಂದಿಗೆ ಕಲಿಸುತ್ತಾರೆ. ಪಟ್ಟಿಯ ಪ್ರತಿಯನ್ನು ಬೇರೆ ಕಡೆ ಇಟ್ಟಿದ್ದೀರಾ, ಅದು ನಿಜಕ್ಕೂ ತೆರೆಯುತ್ತದೆಯೇ ಎಂದು ತೆರೆಸಿ ನೋಡುತ್ತಾರೆ.

ಕಾರ್ಯಕ್ರಮಕ್ಕೆ ಇನ್ನೆರಡು ಕಾಲುಗಳಿವೆ. ಒಂದು, ಸ್ಥಳೀಯ ಕಚೇರಿಗಳಿಗೂ ರಾಜ್ಯದ ಪಟ್ಟಿಗೂ ನಡುವಿನ ಸಂಚಾರವನ್ನು ಇಲಿನಾಯ್ ಸೆಂಚುರಿ ನೆಟ್‌ವರ್ಕ್ ಎಂಬ ರಾಜ್ಯದ ಸ್ವಂತ ಜಾಲದ ಮೇಲೆ ತರುವುದು. ಹತ್ತು ಕಾಲುದಾರಿ ಕಾಯುವ ಬದಲು ಒಂದು ಹೆದ್ದಾರಿ ಕಾಯುವುದು ಸುಲಭ. ಇನ್ನೊಂದು, ರಾಜ್ಯ ಪೊಲೀಸರ ಗುಪ್ತಚರ ಕೇಂದ್ರದ ಮೂಲಕ ಸುದ್ದಿ ಹಂಚುವುದು. ಒಂದು ಕೌಂಟಿಗೆ ಬೆಳಿಗ್ಗೆ ಅನುಮಾನದ ಇಮೇಲ್ ಬಂದರೆ ಉಳಿದವರಿಗೂ ಅದು ಬೇಗ ತಿಳಿಯಬೇಕು. ಕಳ್ಳ ಒಂದು ಬೀದಿಯಲ್ಲಿ ಕಾಣಿಸಿದರೆ ಊರೆಲ್ಲ ದೀಪ ಹಚ್ಚಿಕೊಳ್ಳಬೇಕಲ್ಲವೇ?

ಇದೇ ಉದ್ದೇಶಕ್ಕೆ ದೇಶದ ಮಟ್ಟದಲ್ಲಿ 'ಆಲ್ಬರ್ಟ್' ಎಂಬ ಸಾಧನವೂ ಹಲವು ರಾಜ್ಯಗಳಲ್ಲಿ ಬಂತು. ಜಾಲದಲ್ಲಿ ಹೋಗಿಬರುವ ಸಂಚಾರವನ್ನು ಅದು ನೋಡುತ್ತಿರುತ್ತದೆ. ಗೊತ್ತಿರುವ ಕಳ್ಳರ ಹೆಜ್ಜೆ ಕಂಡರೆ ನ್ಯೂಯಾರ್ಕ್ ರಾಜ್ಯದಲ್ಲಿರುವ ನಿಗಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಅದು ತಾನಾಗಿ ಯಾರನ್ನೂ ತಡೆಯುವುದಿಲ್ಲ. ಕೂಗು ಕೇಳಿ ಬಂದು ನೋಡುವ ಮನುಷ್ಯ ಇದ್ದರೆ ಮಾತ್ರ ಅದರಿಂದ ಪ್ರಯೋಜನ.

ಕೊನೆಯ ಆಸರೆ ಕಾಗದ

ಇಷ್ಟೆಲ್ಲ ಮಾಡಿದ ಮೇಲೂ ಯಾರೋ ಒಳಗೆ ಬಂದರೆ? ಪ್ರಾಮಾಣಿಕ ಯೋಜನೆ ಈ ಪ್ರಶ್ನೆ ಕೇಳಿಕೊಳ್ಳಲೇಬೇಕು. ಯಂತ್ರ ಹೇಳಿದ ಲೆಕ್ಕವನ್ನು ಯಂತ್ರದ ಸಹಾಯವಿಲ್ಲದೆ ಪರೀಕ್ಷಿಸಲು ಆಗಬೇಕು. ಅದಕ್ಕೆ ಬೇಕಾದ್ದು ಕಾಗದ.

ಇದು ನಮಗೆ ತಿಳಿಯದ ಸಂಗತಿಯಲ್ಲ. ನಮ್ಮ ಮತಯಂತ್ರಗಳನ್ನು ತಯಾರಿಸುವ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ಆ ಯಂತ್ರದ ಪಕ್ಕದಲ್ಲಿ ಏಳು ಸೆಕೆಂಡು ಚೀಟಿ ತೋರಿಸಿ ಪೆಟ್ಟಿಗೆಗೆ ಬೀಳಿಸುವ ವಿವಿಪ್ಯಾಟ್ ಇದೆ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಪ್ರತಿ ವಿಧಾನಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿ ಐದು ಮತಗಟ್ಟೆಗಳ ಚೀಟಿ ಎಣಿಸಿ ಯಂತ್ರದ ಲೆಕ್ಕದ ಜೊತೆ ತಾಳೆ ನೋಡುತ್ತಾರೆ. ಇಲಿನಾಯ್ ಕಾನೂನಿನಲ್ಲೂ ಇಂಥದೇ ಪದ್ಧತಿ ಇದೆ. ಚುನಾವಣೆಯ ನಂತರ ಚೀಟಿ ಎತ್ತಿದ ಹಾಗೆ ಶೇ 5ರಷ್ಟು ಮತಗಟ್ಟೆಗಳನ್ನು ಆರಿಸಿ ಅಲ್ಲಿನ ಮತಗಳನ್ನು ಮತ್ತೆ ಎಣಿಸುತ್ತಾರೆ.

ಕೊಲರಾಡೊ ರಾಜ್ಯ 2017ರ ನವೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಎಷ್ಟು ಮತಪತ್ರ ತೆಗೆದು ನೋಡಬೇಕೆಂಬುದನ್ನು ಅದು ಗೆಲುವಿನ ಅಂತರದಿಂದ ನಿರ್ಧರಿಸಿತು. ಅಂತರ ದೊಡ್ಡದಿದ್ದರೆ ಕೆಲವನ್ನು ನೋಡಿದರೆ ಸಾಕು. ಕೂದಲೆಳೆಯ ಅಂತರವಿದ್ದರೆ ಬಹಳ ನೋಡಬೇಕು. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುವವರಿಗೆ ಈ ತರ್ಕ ಗೊತ್ತು. ಅನುಮಾನ ಬಂದರೆ ಇನ್ನೊಂದು ಅಗುಳು ತೆಗೆಯುತ್ತೇವೆ. ಬರ್ಕಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ಈ ವಿಧಾನಕ್ಕೆ ಗಣಿತದ ತಳಹದಿ ಹಾಕಿದವರು. 2020ರಲ್ಲಿ ಜಾರ್ಜಿಯಾ ರಾಜ್ಯದ ಅಧ್ಯಕ್ಷೀಯ ಚುನಾವಣೆಯ ಅಂತರ ಎಷ್ಟು ಕಿರಿದಾಗಿತ್ತೆಂದರೆ, ಸುಮಾರು 50 ಲಕ್ಷ ಮತಪತ್ರಗಳನ್ನೂ ಕೈಯಿಂದಲೇ ಎಣಿಸಿದರು. ಯಂತ್ರ ಹೇಳಿದ ವಿಜೇತರೇ ಕೈಯೆಣಿಕೆಯಲ್ಲೂ ಗೆದ್ದರು. ಸೋತವರ ಕಡೆಯವರೆಲ್ಲ ಅದನ್ನು ಒಪ್ಪಲಿಲ್ಲ, ನಿಜ. ಆದರೂ ಪರೀಕ್ಷಿಸಲು ಕಾಗದ ಇತ್ತು. ಮಾತಿಗೆ ಮಾತು ಬೆಳೆಯುವಲ್ಲಿ ತೆರೆದು ತೋರಿಸಲು ಒಂದು ಪೆಟ್ಟಿಗೆ ಇತ್ತು.

ಮೊದಲ ವರ್ಷ 38 ಕೋಟಿ, ಆಮೇಲೆ?

ಈಗ ನನ್ನ ಮನಸ್ಸಿಗೆ ಹತ್ತಿರದ ಭಾಗಕ್ಕೆ ಬಂದೆ. ಫೆಡರಲ್ ಸರ್ಕಾರ ಚುನಾವಣಾ ಭದ್ರತೆಗೆ ಕೊಟ್ಟ ಹಣದ ಸಾಲನ್ನು ಓದಿ. 2018ರಲ್ಲಿ 38 ಕೋಟಿ ಡಾಲರ್. 2020ರ ಸಾಲಿಗೆ 42.5 ಕೋಟಿ. 2021ಕ್ಕೆ ಏನೂ ಇಲ್ಲ. 2022ಕ್ಕೆ 7.5 ಕೋಟಿ, 2023ಕ್ಕೂ 7.5 ಕೋಟಿ. 2024ಕ್ಕೆ 5.5 ಕೋಟಿ. 2025ಕ್ಕೆ 1.5 ಕೋಟಿ. ಮೊದಲ ವರ್ಷದ್ದಕ್ಕೆ ಹೋಲಿಸಿದರೆ ಕೊನೆಯದು 25ರಲ್ಲಿ ಒಂದು ಪಾಲು. ರಾಜ್ಯಗಳು ಸೇರಿಸಬೇಕಾದ ಪಾಲು ಮಾತ್ರ 2020ರಲ್ಲೇ ಶೇ 5ರಿಂದ ಶೇ 20ಕ್ಕೆ ಏರಿತ್ತು. 2018ರಲ್ಲಿ ಚುನಾವಣಾ ಕಚೇರಿಗಳಿಗೆಂದೇ ಕಟ್ಟಿದ್ದ, ದಾಳಿಯ ಸುದ್ದಿ ಹಂಚುವ ರಾಷ್ಟ್ರೀಯ ಕೇಂದ್ರಕ್ಕೆ ಬರುತ್ತಿದ್ದ ಫೆಡರಲ್ ನೆರವೂ 2025ರಲ್ಲಿ ನಿಂತಿತು.

ಇಂಥ ಹಣದಿಂದ ಯಂತ್ರ ಕೊಳ್ಳಬಹುದು, ಮನುಷ್ಯರನ್ನು ಉಳಿಸಿಕೊಳ್ಳುವುದು ಕಷ್ಟ. ಒಂದು ವರ್ಷ ಧಾರಾಳ, ಮರುವರ್ಷ ಸೊನ್ನೆ ಎಂದಾದರೆ ಯಾವ ಅಧಿಕಾರಿ ಧೈರ್ಯವಾಗಿ ಐದು ವರ್ಷದ ಕೆಲಸಕ್ಕೆ ಒಬ್ಬರನ್ನು ತೆಗೆದುಕೊಂಡಾನು? ಯಂತ್ರಗಳ ಪೆಟ್ಟಿಗೆ ಬಂದಿಳಿದರೆ ಫೋಟೊ ತೆಗೆಯಬಹುದು. ಹಾರ್ಡಿನ್ ಕೌಂಟಿಯ ಕಚೇರಿಯಲ್ಲಿ ಒಬ್ಬ ನ್ಯಾವಿಗೇಟರ್ ಹಳೆಯ ಖಾತೆಯೊಂದನ್ನು ಮುಚ್ಚಿಸಿದ್ದಕ್ಕೆ ಯಾರೂ ಫೋಟೊ ತೆಗೆಯುವುದಿಲ್ಲ. ಇಲಿನಾಯ್ ಯೋಜನೆಯ ದೊಡ್ಡತನ ಇರುವುದು ಕಾಣದ ಕೆಲಸಕ್ಕೆ ಅರ್ಧ ಹಣವನ್ನು ಕಾನೂನಿನಿಂದಲೇ ಮೀಸಲಿಟ್ಟದ್ದರಲ್ಲಿ. ಅದರ ಕಷ್ಟ ಇರುವುದೂ ಅಲ್ಲೇ. ಅಂಥ ಕೆಲಸ ಪ್ರತಿ ವರ್ಷವೂ ಹಣ ಕೇಳುತ್ತದೆ.

ಹಾಗಾಗಿ, ಯಾವುದೇ ರಾಜ್ಯ ಕೇಂದ್ರದ ಹಣದಿಂದ ಚುನಾವಣೆಯ ಸೈಬರ್ ಭದ್ರತೆ ಹೆಚ್ಚಿಸುತ್ತದೆಂಬ ಸುದ್ದಿ ಓದಿದಾಗ ಮೊತ್ತ ನೋಡಿ ನಿಲ್ಲಬೇಡಿ. ಅದರಲ್ಲಿ ವಸ್ತುವಿಗೆ ಎಷ್ಟು, ಮನುಷ್ಯರಿಗೆ ಎಷ್ಟು ಎಂದು ಕೇಳಿ. ತಜ್ಞರಿಲ್ಲದ ಅತಿ ಸಣ್ಣ ಕಚೇರಿಗೆ ಅದರ ಫಲ ಹೇಗೆ ಮುಟ್ಟುತ್ತದೆ ಎಂದು ಕೇಳಿ. ಎಲ್ಲ ಕೈಕೊಟ್ಟರೆ ತಾಳೆ ನೋಡಲು ಕಾಗದ ಇದೆಯೇ, ನಿಜಕ್ಕೂ ತಾಳೆ ನೋಡುತ್ತಾರೆಯೇ ಎಂದು ಕೇಳಿ. ಈ ಹಣ ಮುಗಿದ ಮರುವರ್ಷ ಸಂಬಳ ಎಲ್ಲಿಂದ ಬರುತ್ತದೆ ಎಂದು ಕೊನೆಗೆ ಕೇಳಿ. ಈ ಪ್ರಶ್ನೆಗಳನ್ನು ಕೇಳಲು ಕಂಪ್ಯೂಟರ್ ವಿದ್ಯೆ ಬೇಕಿಲ್ಲ.

ನೀರಗಂಟಿಗೆ ಊರು ಒಮ್ಮೆ ಕೈತುಂಬ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ಪ್ರತಿ ಸುಗ್ಗಿಯಲ್ಲೂ ಕಣದಿಂದ ಅವನ ಪಾಲಿನ ಧಾನ್ಯ ಅಳೆದುಕೊಡುತ್ತಿತ್ತು. ಕೆರೆಯ ಹೂಳು ತೆಗೆಯುತ್ತಿದ್ದದ್ದು ಬೇಸಿಗೆಯಲ್ಲಿ, ನೀರು ತಳ ಕಂಡು, ಮಳೆಯ ಮಾತೇ ಇಲ್ಲದ ದಿನಗಳಲ್ಲಿ. ಚುನಾವಣೆ ಇಲ್ಲದ ವರ್ಷಗಳು ಪಟ್ಟಿಯ ಪಾಲಿಗೆ ಆ ಬೇಸಿಗೆ.